ಅಣ್ಣು ಮಾವನ ಎಂ.ಜಿ.

ನವೆಂಬರ್ 3, ಆದಿತ್ಯವಾರ

‘ಗಾಳಿಗೆ ಎದುರಾಗಿ ಕೂತವಳಿಗೆ ಮನೆಯೆಂಬುದು ಹಿಂದಿನ ಮಾತು.’ ಹೀಗೇ ಇತ್ತೇ ಆ ಸಾಲು? ‘ಮನೆಯೆಂಬುದು ಮುಂದಿನ ಮಾತು’ ಎಂದಿತ್ತೇ? ಕೊಣಾಜೆಯಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಗೋಡೆಪತ್ರಿಕೆಯಲ್ಲಿ ಯಾರೋ ಹುಡುಗಿ ಬರೆದದ್ದು, ಕೆಳಗೆ ಹೆಸರು ಹಾಕಿರಲಿಲ್ಲ. ಇವತ್ತು ಬೆಳಿಗ್ಗೆ ಗುರುಪುರದ ಸೇತುವೆ ದಾಟುವಾಗ ಇದ್ದಕ್ಕಿದ್ದಂತೆ ನೆನಪಿಗೆ ಬಂತು. ಹಿಂದಿನ ಎಂದರೂ ಕಿವಿಗೆ ಸರಿ, ಮುಂದಿನ ಎಂದರೂ ಸರಿ. ಎರಡು ಬಗೆಯಲ್ಲೂ ಚೆನ್ನಾಗಿ ಕೇಳುವ ಸಾಲನ್ನು ನಂಬಬಹುದೇ?

ಮಳೆ ನಿಂತ ಮೇಲೆ ಇವತ್ತೇ ಮೊದಲ ಸಲ ಕಾರು ಹೊರಗೆ ತೆಗೆದೆ. ಕ್ಯಾನ್ವಾಸಿನ ಹುಡ್ ಮಡಚಿ ಹಿಂದಕ್ಕೆ ಹಾಕಲು ಒಬ್ಬಳಿಗೇ ಕಾಲು ಗಂಟೆ ಬೇಕಾಯಿತು. ಬಿದಿರಿನ ಕಡ್ಡಿ ಅದ್ದಿ ಪೆಟ್ರೋಲ್ ನೋಡಿದೆ. 1952ರ ಈ ಕಾರಿಗೆ ಪೆಟ್ರೋಲ್ ತೋರಿಸುವ ಮುಳ್ಳು ಇಲ್ಲ. ಚೋಕ್ ಎಳೆದು, ಪಕ್ಕದ ಸ್ಟಾರ್ಟರ್ ಗುಂಡಿಯನ್ನೂ ಎಳೆದೆ. ಒಮ್ಮೆ ಕೆಮ್ಮಿ, ಇನ್ನೊಮ್ಮೆ ಕೆಮ್ಮಿ, ಆಮೇಲೆ ಗಂಟಲು ಸರಿಮಾಡಿಕೊಂಡ ಹಾಡುಗಾರನ ಹಾಗೆ ಒಂದೇ ಶ್ರುತಿಗೆ ಬಂತು.

ಇದನ್ನು ಓಡಿಸುವುದರಲ್ಲಿ ಎಂತ ಉಂಟು ಎಂದು ಎಲ್ಲರೂ ಕೇಳುತ್ತಾರೆ. ಸೀಟು ಎಷ್ಟು ತಗ್ಗೆಂದರೆ, ಬಾಗಿಲ ಮೇಲಿಂದ ಕೈ ಇಳಿಬಿಟ್ಟರೆ ಡಾಮರಿನ ಬಿಸಿ ಬೆರಳಿಗೆ ತಾಗುತ್ತದೆ. ಬಸ್ಸಿನ ಚಕ್ರ ನನ್ನ ಕಿವಿಯ ಮಟ್ಟಕ್ಕೆ ತಿರುಗುತ್ತದೆ. ಗದ್ದೆ ಬಂದರೆ ಕೆಸರಿನ ವಾಸನೆ, ಮನೆ ಬಂದರೆ ಒಗ್ಗರಣೆಯ ವಾಸನೆ, ಕಾಲೇಜು ಬಂದರೆ ಮಕ್ಕಳ ಸೀಟಿ. ಗಂಟೆಗೆ ನಲವತ್ತು ಕಿಲೋಮೀಟರ್ ಹೋದರೂ ಹಾರಿದ ಹಾಗಿರುತ್ತದೆ. ಮೊದಲ ಗೇರಿಗೆ ಇಳಿಸಲು ಕ್ಲಚ್ಚನ್ನು ಎರಡು ಸಲ ಒತ್ತಬೇಕು. ಹದಿನೆಂಟರಲ್ಲಿ ನನಗೆ ಕಲಿಸುವಾಗ ಅಣ್ಣು ಮಾವ ಹೇಳಿದ್ದರು: “ನುಗ್ಗಬೇಡ ಮಗಾ. ಬಾಗಿಲು ತಟ್ಟು, ಆಮೇಲೆ ಒಳಗೆ ಹೋಗು.”

ಮಾವ ಹೋಗಿ ಐದು ತಿಂಗಳು. ಅಮ್ಮನ ಅಣ್ಣ, ಮದುವೆಯಾಗದವರು. ಕೊನೆಯ ಆರು ವರ್ಷ ಅವರನ್ನು ನೋಡಿಕೊಳ್ಳಲು ನಾನು ಕಾಲೇಜಿನಲ್ಲಿ ಪಾಠ ಮಾಡುವುದು ಬಿಟ್ಟು ವಾಮಂಜೂರಿನ ಈ ಮನೆಗೆ ಬಂದೆ. ಬೊಜ್ಜದ ದಿನ, ಹದಿಮೂರರ ಊಟಕ್ಕೆ ಎಲೆ ಹಾಕಿದಾಗ, ಹಿರಿಯರು ಸತ್ತವರ ಪ್ರೀತಿಯ ವಸ್ತುಗಳ ಹೆಸರು ಒಂದೊಂದಾಗಿ ಹೇಳುವುದು, ಅದು ಯಾರಿಗೆಂದು ಮನೆಯ ಗಂಡಸು ಹೇಳುವುದು ನಮ್ಮ ಕುಟುಂಬದ ಕ್ರಮ. ಕೈಗಡಿಯಾರ, ಕೋವಿ, ಊರುಗೋಲು. ಕಾರಿನ ಹೆಸರು ಬಂದಾಗ ನನ್ನ ತಮ್ಮ ವಿನೀತ, ಮನೆಯಲ್ಲಿ ವಿನ್ನು, ತಡಮಾಡಲಿಲ್ಲ. “ಕಾರು ಅಕ್ಕನಿಗೆ” ಎಂದ. ಸಾಲಿನಲ್ಲಿ ಕೂತ ಅರವತ್ತು ಜನ ಕೇಳಿಸಿಕೊಂಡರು. ಎಲೆಯ ಮುಂದೆ ಆಡಿದ್ದನ್ನು ಕಾಗದಕ್ಕೆ ಇಳಿಸು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ಬೈದದ್ದಕ್ಕೆ ಸಮ.

ನವೆಂಬರ್ 10, ಆದಿತ್ಯವಾರ

ಕೈಕಂಬದವರೆಗೆ ಹೋಗಿ ಬಂದೆ. ಹೊರಡುವ ಮೊದಲು ವಿನ್ನುವಿಗೆ ಮೆಸೇಜ್ ಹಾಕಿದೆ, ಬಂದ ಮೇಲೆ ಇನ್ನೊಂದು. ಅವನು ಕೇಳಿಲ್ಲ, ಆದರೂ ಹಾಕುತ್ತೇನೆ.

ಪಕ್ಕದ ಮನೆಯ ಬೂಬಣ್ಣ ಬೇಲಿಯ ಆಚೆ ನಿಂತು ನೋಡುತ್ತಿದ್ದರು. ಇಪ್ಪತ್ತೆರಡು ವರ್ಷ ಬಹರೈನಿನಲ್ಲಿ ದೊಡ್ಡ ದೊಡ್ಡ ಗಾಡಿ ಓಡಿಸಿ ಬಂದವರು.

“ಟೀಚರೇ, ಇದರ ತಲೆ ಮೇಲೆ ಮಾಡು ಇಲ್ಲದ್ದು ಕಾಗೆಗಳಿಗೆ ಗೊತ್ತಾದ್ರೆ ನಿಮ್ಮ ಕತೆ ಮುಗೀತು.”

“ಒಮ್ಮೆ ಬನ್ನಿ ಬೂಬಣ್ಣ, ಕೂತು ನೋಡಿ.”

“ಇಳಿಯುವಾಗ ಎಬ್ಬಿಸ್ಲಿಕ್ಕೆ ಕ್ರೇನ್ ಉಂಟಾ?”

ಮಧ್ಯಾಹ್ನ ವಿನ್ನು ಬಂದ. ಪಂಪ್‌ವೆಲ್‌ನ ಅವನ ಹೊಸ ಹೋಟೆಲು ಜನವರಿಗೆ ಉದ್ಘಾಟನೆ. ಊಟ ನಿದ್ದೆ ಇಲ್ಲದೆ ಓಡಾಡುತ್ತಿದ್ದಾನೆ, ಕಣ್ಣ ಕೆಳಗೆ ಕಪ್ಪಾಗಿದೆ. ಬಂಗುಡೆ ಪುಳಿಮುಂಚಿ ಮಾಡಿದ್ದೆ, ಚಪ್ಪರಿಸಿ ಉಂಡ. ಕೈ ತೊಳೆದವನೇ ಟೇಪು ಹಿಡಿದುಕೊಂಡು ಕಾರಿನ ಉದ್ದ, ಅಗಲ, ನೆಲದಿಂದ ಎತ್ತರ ಎಲ್ಲ ಅಳೆದ.

“ಎಂತದಕ್ಕೆ ವಿನ್ನು?”

“ಸುಮ್ಮನೆ ಅಕ್ಕ. ಇದಕ್ಕೊಂದು ಒಳ್ಳೆ ಜಾಗ ಮಾಡ್ಬೇಕಲ್ಲ.”

ನಮ್ಮ ಶೆಡ್ಡಿನ ತಗಡು ಸೋರುವುದು ಅವನಿಗೂ ಗೊತ್ತು. ಬಾಯಲ್ಲಿ ಹೇಳದೆ ಕೆಲಸದಲ್ಲಿ ಪ್ರೀತಿ ತೋರಿಸುವ ಗುಣ ಅವನದು, ಸಣ್ಣವನಿರುವಾಗಿನಿಂದಲೂ.

ನವೆಂಬರ್ 23, ಶನಿವಾರ

ಬ್ರೇಕ್ ಒಮ್ಮೆ ತೋರಿಸುವ, ಬೈಕಂಪಾಡಿಯ ರೇಮಂಡ್ ಪೊರ್ಬುಗಳಿಗೆ ಹೇಳಿಟ್ಟಿದ್ದೇನೆ ಎಂದು ವಿನ್ನು ಫೋನ್ ಮಾಡಿದ್ದ. ಮೂವತ್ತು ವರ್ಷದಿಂದ ಈ ಕಾರನ್ನು ಮುಟ್ಟಿದ ಮೆಕ್ಯಾನಿಕ್ ಎಂದರೆ ಅವರೊಬ್ಬರೇ. ಜನ ಕಳುಹಿಸುತ್ತೇನೆ ಎಂದ. ಬೇಡ, ನಾನೇ ತೆಗೆದುಕೊಂಡು ಹೋಗುತ್ತೇನೆ ಎಂದೆ.

ಕಾವೂರಿನ ದಾರಿ ಹಿಡಿದೆ. ಎಷ್ಟು ಚೆನ್ನಾಗಿ ಓಡಿತೆಂದರೆ, ಬ್ರೇಕ್ ತೋರಿಸುವುದಾದರೂ ಏಕೆ ಎನ್ನಿಸಿತು. ಬೊನೆಟ್ಟಿನ ಎರಡೂ ಬದಿಯ ದೀಪಗಳ ಹೊಳೆಯುವ ಬೆನ್ನಿನಲ್ಲಿ ಆಕಾಶ ಸಣ್ಣದಾಗಿ, ಬಾಗಿ ಕಾಣುತ್ತದೆ. ಮರದ ಕೆಳಗೆ ಹೋದರೆ ಅಲ್ಲಿ ಮರ ಹರಿಯುತ್ತದೆ. ತಿರುವಿನಲ್ಲಿ ಸ್ಟೀರಿಂಗನ್ನು ತಿರುಗಿಸಬೇಕಾಗಿಲ್ಲ, ಹೋಗಬೇಕಾದ ಕಡೆಗೆ ಮನಸ್ಸು ಮಾಡಿದರೆ ಸಾಕು. ನಲವತ್ತೆಂಟು ವರ್ಷದ ಮೈಯನ್ನು ಇಷ್ಟು ಬೇಗ ಒಪ್ಪಿಕೊಳ್ಳುವ ಬೇರೆ ವಸ್ತು ನನಗೆ ಗೊತ್ತಿಲ್ಲ.

ಕೂಳೂರಿನಲ್ಲಿ ರಸ್ತೆ ಬ್ಲಾಕ್. ಪಕ್ಕದ ಆಟೋದವರು ಬಗ್ಗಿ ನೋಡಿದರು. ಬಗ್ಗಲೇಬೇಕು, ನಾನು ಅಷ್ಟು ಕೆಳಗಿದ್ದೆ.

“ಮೇಡಂ, ಯಾವ ಕಂಪೆನಿದು?”

“ಎಂ.ಜಿ.”

“ನನ್ನ ಭಾವನ ಹತ್ರ ಸಹ ಎಂ.ಜಿ. ಉಂಟು ಮಾರಾಯ್ರೆ! ಅದರಲ್ಲಿ ಎ.ಸಿ. ಉಂಟು, ನಾವು ಹೇಳಿದ್ದಕ್ಕೆ ಮಾತಾಡ್ತದೆ ಅದು. ಇದರಲ್ಲಿ ಎಂತ ಉಂಟು?”

“ಇದರಲ್ಲಿ ಕೂತರೆ ನೀವು ಮಾತಾಡ್ತೀರಿ.”

ಅವರು ನಕ್ಕದ್ದಕ್ಕೆ ಹಿಂದಿನ ಸೀಟಿನ ಹೆಂಗಸೂ ನಕ್ಕರು. ಬ್ಲಾಕ್ ಬಿಡುವ ಹೊತ್ತಿಗೆ ಆ ಹೆಂಗಸಿನ ಮಗಳಿಗೆ ಸುರತ್ಕಲ್‌ನಲ್ಲಿ ಕೆಲಸ ಸಿಕ್ಕಿದ ಸುದ್ದಿ ಕೂಡ ನನಗೆ ಗೊತ್ತಾಗಿತ್ತು.

ಕೀ ಕೊಟ್ಟೆ. ರೇಮಂಡ್ ಪೊರ್ಬುಗಳು ನನ್ನ ಮುಖ ನೋಡದೆ ಟಯರ್ ನೋಡುತ್ತಾ, “ಒಂದು ವಾರ ಆಗ್ಬಹುದು ಬಾಯಿ” ಎಂದರು. ಅಕ್ಕ ಎನ್ನುವ ಕಡೆ ಅವರು ‘ಬಾಯಿ’ ಎನ್ನುತ್ತಾರೆ. ಬಸ್ಸಿನಲ್ಲಿ ಮರಳಿದೆ. ಕಿಟಕಿ ತೆರೆದಿದ್ದರೂ ಡಬ್ಬಿಯೊಳಗೆ ಕೂತ ಹಾಗಿತ್ತು.

ಡಿಸೆಂಬರ್ 3, ಮಂಗಳವಾರ

ಪೊರ್ಬುಗಳು ಫೋನ್ ಎತ್ತುತ್ತಿಲ್ಲ. ವಿನ್ನುವಿಗೆ ಕೇಳಿದರೆ, “ಹಳೆ ಗಾಡಿ ಅಲ್ವ ಅಕ್ಕ, ಪಾರ್ಟ್ ಸಿಗ್ಬೇಕು.” ಪಾಪ, ಅವನಿಗೆ ನೂರು ತಾಪತ್ರಯ.

ಡಿಸೆಂಬರ್ 7, ಶನಿವಾರ

ಬೆಳಿಗ್ಗೆಯ ಬಸ್ಸಿಗೆ ಬೈಕಂಪಾಡಿಗೆ ಹೋದೆ.

ಶೆಡ್ಡಿನ ನಡುವೆ ಕಾರು ನಿಂತಿತ್ತು. ಬೊನೆಟ್ಟಿನ ಎರಡೂ ರೆಕ್ಕೆ ಎತ್ತಿದ್ದವು. ಒಳಗೆ ನೆಲ ಕಾಣುತ್ತಿತ್ತು. ಎಂಜಿನ್ ಗೋಡೆಯ ಪಕ್ಕ ಎರಡು ಮರದ ತುಂಡುಗಳ ಮೇಲಿತ್ತು, ಮೇಲೊಂದು ಗೋಣಿ. ಯಾರೋ ಬಾಗಿಲುಗಳಿಗೆ ಹೊಸ ಪಾಲಿಶ್ ಹಾಕಿ ಕನ್ನಡಿಯ ಹಾಗೆ ಮಾಡಿದ್ದರು.

“ಬ್ರೇಕಿಗೆ ಎಂಜಿನ್ ಇಳಿಸಿದಿರಾ ಪೊರ್ಬುಗಳೇ?”

ಅವರು ಕೈ ಒರೆಸಿದರು. ಬಹಳ ಹೊತ್ತು ಒರೆಸಿದರು.

“ವಿನೀತಣ್ಣ ನಿಮಗೆ ಹೇಳ್ಲಿಲ್ವಾ ಬಾಯಿ?”

“ಎಂತ?”

“ಹೋಟೆಲಿನ ಲಾಬಿಗೆ. ಫಸ್ಟ್ ಫ್ಲೋರಿಗೆ ಕ್ರೇನಲ್ಲಿ ಎತ್ತುವುದು. ಗ್ರಾನೈಟಿನ ಮೇಲೆ ಆಯಿಲ್ ಬೀಳಬಾರದು, ಭಾರ ಆಗಬಾರದು ಅಂತ ಎಂಜಿನ್, ಗೇರ್‌ಬಾಕ್ಸ್, ಟ್ಯಾಂಕ್ ಎಲ್ಲ ತೆಗೀಲಿಕ್ಕೆ ಹೇಳಿದ್ರು. ಜನ ಫೋಟೋ ತೆಗೀಲಿಕ್ಕೆ.”

“ಇದು ನನ್ನ ಕಾರು.”

“ನನಗೂ ಹಾಗೇ ಗೊತ್ತಿತ್ತು ಬಾಯಿ. ಆದರೆ ಆರ್‌ಸಿ ಅವರ ಹೆಸರಲ್ಲಿ ಉಂಟು. ನಾನೇ ನೋಡಿದೆ.” ಆಮೇಲೆ ಸಣ್ಣ ದನಿಯಲ್ಲಿ, “ನಾನು ಕೆಲಸದವ. ಆವತ್ತು ನೀವು ಕೀ ಕೊಡುವಾಗ ಹೇಳ್ಬೇಕಿತ್ತು. ನಾಲಿಗೆ ಹೊರಳ್ಲಿಲ್ಲ.”

ಎಲ್ಲೋ ತಪ್ಪು ತಿಳುವಳಿಕೆ ಆಗಿರಬೇಕು. ಮೋಸ ಎಂಬುದು ದೊಡ್ಡ ಮಾತು, ಅದನ್ನು ತಮ್ಮನ ಮೇಲೆ ಬಳಸಲಾರೆ. ಕೇಳುತ್ತೇನೆ. ಕೇಳಿದರೆ ಹೇಳುತ್ತಾನೆ.

ಡಿಸೆಂಬರ್ 8, ಆದಿತ್ಯವಾರ

ಕವಿತೆ ಓದಲು ಕೂತೆ. ಅಕ್ಷರ ಕಾಣುತ್ತದೆ, ಅಷ್ಟೆ.

ಡಿಸೆಂಬರ್ 10, ಮಂಗಳವಾರ

ಪಂಪ್‌ವೆಲ್. ಫ್ಲೈಓವರಿನ ಪಕ್ಕ ಆರು ಮಹಡಿ. ಲಾಬಿಯ ನಡುವೆ ಸುತ್ತ ದೀಪ ಕೂರಿಸಿದ ದುಂಡು ಕಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೊದೆಸಿದ್ದರು. ಕಟ್ಟೆಯ ಅಳತೆ ಕಣ್ಣಿಗೇ ಗೊತ್ತಾಯಿತು.

ವಿನೀತ ಓಡಿ ಬಂದ. ಕುರ್ಚಿ ತರಿಸಿದ, ಎಳನೀರು ತರಿಸಿದ.

“ಅಕ್ಕ, ಸರ್‌ಪ್ರೈಸ್ ಮಾಡುವ ಅಂತ ಇದ್ದೆ. ಆ ರೇಮಂಡ್ ಎಲ್ಲ ಹಾಳು ಮಾಡಿದ.”

“ಯಾರಿಗೆ ಸರ್‌ಪ್ರೈಸ್?”

“ನಿನಗೇ. ನೋಡು, ಗೋಡೆ ಮೇಲೆ ಮಾವನ ದೊಡ್ಡ ಫೋಟೋ, ಕೆಳಗೆ ಹಿತ್ತಾಳೆ ಬೋರ್ಡಲ್ಲಿ ಅವರ ಹೆಸರು. ನೀನು ತಿಂಗಳಿಗೆ ನಾಲ್ಕು ಸಲ ಗುರುಪುರಕ್ಕೆ ಹೋಗಿ ಬರ್ತಿ. ಯಾರು ನೋಡ್ತಾರೆ? ಇಲ್ಲಿ ದಿನಕ್ಕೆ ಸಾವಿರ ಜನ ನೋಡ್ತಾರೆ.”

“ಓಡುವ ಕಾರಿನ ಎಂಜಿನ್ ತೆಗೆದು ಕೂರಿಸ್ತಿಯಲ್ಲ. ಮಾವನಿಗೆ ಹೀಗೆ ಮಾಡ್ತಿದ್ದೆಯಾ?”

“ಈಗ ಮಾವನನ್ನು ಯಾಕೆ ತರ್ತಿ?”

“ಬೋರ್ಡಿಗೆ ತಂದವ ನೀನು.”

ಅವನು ನಕ್ಕ. ಸಣ್ಣವನಿರುವಾಗ ನನ್ನ ಪೆನ್ಸಿಲ್ ಕದ್ದು ಸಿಕ್ಕಿಬಿದ್ದಾಗಲೂ ಹೀಗೇ ನಗುತ್ತಿದ್ದ, ಒಂದೇ ಕೆನ್ನೆಯಲ್ಲಿ.

“ಬೊಜ್ಜದ ದಿನ ಎಲೆಯ ಮುಂದೆ ಕಾರು ಅಕ್ಕನಿಗೆ ಅಂತ ಹೇಳಿದವ ಯಾರು?”

“ನಾನೇ ಹೇಳಿದ್ದು. ಆಗ ಲಾಬಿ ಇರ್ಲಿಲ್ಲ ಅಕ್ಕ.”

ಇಷ್ಟು ಸರಳವಾದ ವಾಕ್ಯ. ಅವನ ಮುಖದಲ್ಲಿ ನಾಚಿಕೆ ಹುಡುಕಿದೆ, ಸಿಗಲಿಲ್ಲ. ಅವನು ಸುಳ್ಳೂ ಹೇಳುತ್ತಿರಲಿಲ್ಲ.

“ಆರ್‌ಸಿ ನಿನ್ನ ಹೆಸರಿಗೆ ಹೇಗೆ ಹೋಯ್ತು?”

“ನೀನೇ ಸೈನ್ ಹಾಕಿದ್ದಲ್ವ, ಆಗಸ್ಟಲ್ಲಿ? ಓದು ಅಂತ ನಾನು ಹೇಳಿದ್ದೆ. ಹೇಳಿದ್ದೆನಾ ಇಲ್ವಾ?”

ಹೇಳಿದ್ದ.

ಡಿಸೆಂಬರ್ 11, ಬುಧವಾರ

ಆವತ್ತಿನದನ್ನು ಇದ್ದ ಹಾಗೆ ಬರೆಯುತ್ತೇನೆ.

ಜೋರು ಮಳೆ. ಕಿಟಕಿಯ ಹತ್ತಿರ ಕೂತು ಕವಿತೆ ಓದುತ್ತಿದ್ದೆ. ಒಂದು ಸಾಲಿನಲ್ಲಿ ‘ಆದರೆ’ ಎಂಬ ಪದ ಏಕೆ ಬಂತು ಎಂದು ಅರ್ಧ ಗಂಟೆಯಿಂದ ಯೋಚಿಸುತ್ತಿದ್ದೆ. ವಿನೀತ ಒದ್ದೆಯಾಗಿ ಬಂದ, ಪ್ಲಾಸ್ಟಿಕ್ ತೊಟ್ಟೆಯಿಂದ ಸ್ಟಾಂಪ್ ಪೇಪರ್ ತೆಗೆದ. “ಮಾವನ ಹೆಸರಲ್ಲೇ ಇದ್ರೆ ಇನ್ಶೂರೆನ್ಸ್ ಆಗುದಿಲ್ಲ ಅಕ್ಕ, ಅದಕ್ಕೆ ಬೇಕು. ಬೇಕಾದ್ರೆ ಓದು.” ನಾನು ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ, “ನಿನ್ನ ಕಾಗದ ಓದುವುದು ಎಂತಕ್ಕೆ?” ಎಂದು ಕಿಟಕಿಯ ದಂಡೆಯ ಮೇಲೆ ಸಹಿ ಹಾಕಿದೆ. ಮೂರು ಕಡೆ.

ಇವತ್ತು ಅವನು ಅದರ ಪ್ರತಿಯನ್ನು ಫೋನಿಗೆ ಕಳುಹಿಸಿದ. ಅಣ್ಣು ಶೆಟ್ಟರ ವಾರಸುದಾರಳಾದ ಶಶಿಪ್ರಭಾ ಎಂಬ ನಾನು ಸದರಿ ವಾಹನದ ಮೇಲಿನ ನನ್ನ ಹಕ್ಕನ್ನು ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ, ನನ್ನ ತಮ್ಮನಾದ ವಿನೀತನಿಗೆ ಬಿಟ್ಟುಕೊಟ್ಟಿರುತ್ತೇನೆ. ಕನ್ನಡದಲ್ಲೇ ಇದೆ. ಒಂದೂ ಕಷ್ಟದ ಪದ ಇಲ್ಲ. ಒಂದು ಸಾಲಿಗೆ ಅರ್ಧ ದಿನ ಕೊಡುವ ನಾನು ಇದಕ್ಕೆ ಅರ್ಧ ನಿಮಿಷ ಕೊಡಲಿಲ್ಲ. ‘ಸ್ವಸಂತೋಷದಿಂದ’ ಎಂಬ ಪದವನ್ನು ಎಷ್ಟು ಸಲ ಓದಿದೆನೋ.

ಮೋಸ. ಬರೆದು ನೋಡಿದೆ. ಅಷ್ಟೇನೂ ದೊಡ್ಡ ಮಾತಲ್ಲ, ಎರಡೇ ಅಕ್ಷರ.

ಡಿಸೆಂಬರ್ 17, ಮಂಗಳವಾರ

ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಎಲೆಯ ಸಾಲಿನಲ್ಲಿ ಅವರು ನನ್ನ ಪಕ್ಕದಲ್ಲೇ ಕೂತಿದ್ದರು. “ಹೇಳಿದ ಹಾಗೆ ನೆನಪು ಮಗಾ. ಆದ್ರೆ ಗಂಡು ಹುಡುಗ ಒಂದು ಒಳ್ಳೆ ಕೆಲಸ ಶುರು ಮಾಡುವಾಗ ಕಾರಿನ ವಿಷಯಕ್ಕೆ ಎಂತ ಗಲಾಟೆ? ನಿನಗೆ ಬೇಕಾದ್ರೆ ಅವ ಬೇರೆ ಕಾರು ಕೊಡ್ಸುದಿಲ್ವಾ?” ಇನ್ನಿಬ್ಬರಿಗೆ ಮಾಡಿದೆ. ಒಬ್ಬರಿಗೆ ನೆನಪಿಲ್ಲ. ಇನ್ನೊಬ್ಬರು ಆ ಹೊತ್ತಿಗೆ ಪಾಯಸ ಬಡಿಸುತ್ತಿದ್ದರಂತೆ.

ಸಂಜೆ ಬೂಬಣ್ಣ ಬೇಲಿಯ ಹತ್ತಿರ ಕೇಳಿದರು: “ಟೀಚರೇ, ಗಾಡಿ ಎಲ್ಲಿ? ಆದಿತ್ಯವಾರ ಶಬ್ದವೇ ಇಲ್ಲ. ನನಗೆ ಎದ್ದದ್ದೇ ಗೊತ್ತಾಗುದಿಲ್ಲ.”

“ಪೈಂಟಿಗೆ ಕೊಟ್ಟಿದ್ದೇನೆ” ಎಂದೆ. “ಹಳೆ ಹಸಿರೇ ಹಾಕಿಸ್ತಿದ್ದೇನೆ, ಆ ಬಣ್ಣ ಕಲಸುವವರು ಸಿಗ್ಬೇಕಲ್ಲ. ತಮ್ಮನೇ ಎಲ್ಲ ನೋಡಿಕೊಳ್ತಿದ್ದಾನೆ. ಹೊಸ ವರ್ಷಕ್ಕೆ ಬರ್ತದೆ.”

“ತಮ್ಮ ಅಂದ್ರೆ ಹಾಗಿರ್ಬೇಕು” ಎಂದರು.

ನಾಳೆ ಅವರು ಮಗಳ ಬಾಣಂತನಕ್ಕೆ ಹೆಂಡತಿಯ ಜೊತೆ ಕುಂದಾಪುರಕ್ಕೆ ಹೋಗುತ್ತಾರಂತೆ. ಗಿಡಗಳಿಗೆ ನೀರು ಹಾಕಲು ಒಪ್ಪಿಕೊಂಡೆ.

ಜನವರಿ 12, ಆದಿತ್ಯವಾರ

ಉದ್ಘಾಟನೆಗೆ ಹೋಗುವುದಿಲ್ಲ ಎಂದುಕೊಂಡಿದ್ದೆ. ಹೋದೆ.

ಕಟ್ಟೆಯ ಮೇಲೆ ಕಾರು, ಸುತ್ತ ಕೆಂಪು ಹಗ್ಗ. ಕ್ಯಾನ್ವಾಸಿನ ಹುಡ್ ತೆಗೆದು ಎಸೆದಿದ್ದಾರೆ. ಚಕ್ರಗಳ ಕೆಳಗೆ ಗಾಜು. ಸೀಟಿನಲ್ಲಿ ಪ್ಲಾಸ್ಟಿಕ್ ಗುಲಾಬಿಗಳ ಬುಟ್ಟಿ. ಸೀರೆಯುಟ್ಟ ಹೆಂಗಸರು ಸಾಲು ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಬ್ಬರು ಸ್ಟೀರಿಂಗ್ ತಿರುಗಿಸಲು ನೋಡಿದರು, ಅದನ್ನು ಬಿಗಿದಿದ್ದರು.

ಗುಂಪು ಕರಗಿದ ಮೇಲೆ ಹತ್ತಿರ ಹೋಗಿ ಚೋಕಿನ ಗುಂಡಿಗೆ ಕೈ ಚಾಚಿದೆ.

“ಮೇಡಂ, ಮುಟ್ಟಬಾರದು” ಎಂದರು ಸೆಕ್ಯೂರಿಟಿಯವರು, ಮರ್ಯಾದೆಯಿಂದಲೇ. “ಓನರ್ ಬೈತಾರೆ.”

“ಸರಿ” ಎಂದೆ.

ವಿನೀತ್ ಶೆಟ್ಟಿ ವೇದಿಕೆಯ ಮೇಲೆ ಮಾತಾಡುತ್ತಾ, ಇದು ನನ್ನ ಅಕ್ಕ ಹೋಟೆಲಿಗೆ ಕೊಟ್ಟ ಉಡುಗೊರೆ ಎಂದ. ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ಹೊಡೆದರು. ನಾನು ಎದ್ದು ಕೈ ಮುಗಿದೆ. ಏಕೆ ಮುಗಿದೆ? ಊಟ ಚೆನ್ನಾಗಿತ್ತು.

ಜನವರಿ 21, ಮಂಗಳವಾರ

ಪಿಕಪ್ಪಿನಲ್ಲಿ ಎಂಜಿನ್ ಬಂತು. ನಾಲ್ಕು ಜನ ಇಳಿಸಿ ಹಿಂದಿನ ಶೆಡ್ಡಿನಲ್ಲಿಟ್ಟರು. ವಿನೀತನ ಮೆಸೇಜ್: ‘ಅಕ್ಕ, ನನಗೆ ಬಾಡಿ ಸಾಕು. ನಿನಗೆ ಓಡುವುದು ಬೇಕಿತ್ತಲ್ಲ, ಎಂಜಿನ್ ನೀನೇ ಇಟ್ಟುಕೋ. ಇಬ್ಬರಿಗೂ ಆಯ್ತಲ್ಲ.’ ಕೊನೆಯಲ್ಲಿ ಕೈ ಮುಗಿದ ಚಿತ್ರ.

ತಮಾಷೆಯೆಂದು ಮೊದಲು ತಿಳಿದೆ. ಅವನು ನಿಜಕ್ಕೂ ಪಾಲು ಮಾಡಿದ್ದಾನೆ. ಮೆಸೇಜಿಗೆ ಉತ್ತರ ಹಾಕಲಿಲ್ಲ. ಮಾವನ ಕಾಲದಿಂದ ಶೆಡ್ಡಿಗೆ ಬೀಗ ಹಾಕಿದ್ದಿಲ್ಲ. ಪೇಟೆಗೆ ಹೋಗಿ ಬೀಗ ತಂದೆ, ರಶೀದಿಯನ್ನು ಓದಿ ಕಿಸೆಗೆ ಹಾಕಿಕೊಂಡೆ.

ಫೆಬ್ರವರಿ 9, ಆದಿತ್ಯವಾರ

ಇಗರ್ಜಿಯ ಪೂಜೆ ಮುಗಿಸಿ ರೇಮಂಡ್ ಪೊರ್ಬುಗಳು ಇಸ್ತ್ರಿ ಮಾಡಿದ ಅಂಗಿಯಲ್ಲೇ ಬಂದರು. ಕಳೆದ ವಾರವೇ ಫೋನ್ ಮಾಡಿದ್ದರು. ನಾನು ಬನ್ನಿ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಟೆಂಪೊದಲ್ಲಿ ಕಬ್ಬಿಣದ ಸ್ಟ್ಯಾಂಡ್, ಹಳೆ ಜೀಪಿನ ರೇಡಿಯೇಟರ್, ಬ್ಯಾಟರಿ ತಂದಿದ್ದರು.

“ಸೈಲೆನ್ಸರ್ ಸಹ ತಂದಿದ್ದೇನೆ ಬಾಯಿ. ಅದು ಅವರಿಗೆ ಬೇಡ ಅಂತೆ.”

“ಎಂತ ಮಾಡ್ಲಿಕ್ಕೆ ಇದೆಲ್ಲ?”

“ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡದಿದ್ರೆ ಜಾಮ್ ಆಗ್ತದೆ. ಮತ್ತೆ... ನನಗೆ ಒಳಗೆ ಸರಿ ಇಲ್ಲ.”

“ಆವತ್ತು ಹೇಳ್ಬೇಕಿತ್ತು ನೀವು.”

“ಹೌದು.”

ಅಷ್ಟೇ ಮಾತು. ಹತ್ತೂವರೆಯವರೆಗೆ ಇಬ್ಬರೂ ಕೆಲಸ ಮಾಡಿದೆವು. ನಾನು ಸ್ಪಾನರ್ ಕೊಟ್ಟೆ, ಕೊನೆಗೆ ನಟ್ಟುಗಳನ್ನೂ ಬಿಗಿದೆ. ಪೆಟ್ರೋಲ್ ತುಂಬಿದ ಬಾಟಲಿಯನ್ನು ಆಸ್ಪತ್ರೆಯ ಗ್ಲೂಕೋಸಿನ ಹಾಗೆ ಮಾಡಿನ ಮರದ ಪಕ್ಕಾಸಿಗೆ ತೂಗುಹಾಕಿದರು. ವಯರ್ ಮುಟ್ಟಿಸಿದರು.

ಎರಡನೆಯ ಸಲಕ್ಕೆ ಹಿಡಿಯಿತು.

ಅದೇ ಸ್ವರ. ಸ್ಟ್ಯಾಂಡಿನ ಮೇಲೆ ಮೈಯಿಲ್ಲದೆ ಅದುರುತ್ತಾ ಅದೇ ಸ್ವರ. ಪೊರ್ಬುಗಳು ಕಾರ್ಬುರೇಟರಿನ ಸರಳನ್ನು ನನ್ನ ಕೈಗೆ ಕೊಟ್ಟರು. ಬೆರಳಿನಿಂದ ಸ್ವಲ್ಪ ಎಳೆದೆ, ಏರಿತು, ಬಿಟ್ಟೆ, ಇಳಿಯಿತು. ಮತ್ತೆ ಎಳೆದೆ. ಏರು ಹತ್ತುವಾಗ, ಎರಡನೆಯ ಗೇರಿನಲ್ಲಿ, ಇಷ್ಟೇ ಸದ್ದು ಇರುತ್ತಿತ್ತು. ಎದುರಿಗೆ ಸುಣ್ಣದ ಗೋಡೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಮುಂಬಾಗಿಲು ಬಡಿಯುವುದು ಕೇಳಿಸಿತು.

ಕೈ ಒರೆಸಿಕೊಳ್ಳದೆ ಹೋಗಿ ತೆರೆದೆ. ಬೂಬಣ್ಣ. ನಿನ್ನೆ ಸಂಜೆಯಷ್ಟೆ ಕುಂದಾಪುರದಿಂದ ಮರಳಿದ್ದರು. ಬನಿಯನ್ನಿನಲ್ಲೇ ಓಡಿ ಬಂದಿದ್ದರು, ಏದುಸಿರು, ಮುಖದ ತುಂಬ ನಗು. ಹಿಂದಿನ ಶೆಡ್ಡಿನಲ್ಲಿ ಎಂಜಿನ್ ಇನ್ನೂ ಓಡುತ್ತಿತ್ತು.

“ಶಬ್ದದಲ್ಲೇ ಗೊತ್ತಾಯ್ತು ಟೀಚರೇ, ಬಂತಲ್ಲ ನಿಮ್ಮ ಗಾಡಿ! ದಾರಿಯಲ್ಲಿ ಅಳಿಯನ ಕಾರು ಅಡ್ಡ ಇತ್ತು, ತೆಗ್ಸಿದ್ದೇನೆ. ನಿಮ್ಮ ಗೇಟು ಸಹ ನಾನೇ ತೆರೆದಿಟ್ಟಿದ್ದೇನೆ. ಇನ್ನು ಎಂತ ನೋಡ್ತೀರಿ, ಹೊರಡಿ.”